ಬಾಣಂತನಕ್ಕೆ ಹೊರಟ ತಾಯಂದಿರು ಮತ್ತು ವೀಸಾದ ದಿನಗಣನೆ



ಕೆಲವು ತಿಂಗಳುಗಳಿಂದ ಈ ಅಂಕಣಕ್ಕೆ ಬರುತ್ತಿರುವ ಪತ್ರಗಳಲ್ಲಿ ಒಂದು ಪ್ರಶ್ನೆ ಮೇಲಿಂದ ಮೇಲೆ ಕಾಣಿಸುತ್ತಿದೆ. ಮಗಳು ಪರದೇಶದಲ್ಲಿದ್ದಾಳೆ, ಹೆರಿಗೆಯ ಕಾಲಕ್ಕೆ ಹೋಗಬೇಕಾಗಿದೆ. ಅಲ್ಲಿ ಎಷ್ಟು ದಿನ ಇರಲು ಬರುತ್ತದೆ, ಸಾಲದೆ ಹೋದರೆ ಅವಧಿಯನ್ನು ಮುಂದುವರಿಸಿಕೊಳ್ಳುವುದು ಹೇಗೆ ಎಂಬುದೇ ಆ ಪ್ರಶ್ನೆ. ಇಪ್ಪತ್ತೈದು ವರ್ಷಗಳ ಹಿಂದೆ ನಮ್ಮ ಭಾಗದಲ್ಲಿ ಇಂತಹ ಪ್ರಶ್ನೆಯನ್ನು ಕೇಳುವವರು ಇರಲಿಲ್ಲ. ಆಗ ಹೆರಿಗೆಗೆ ಮಗಳೇ ತವರಿಗೆ ಬರುತ್ತಿದ್ದಳು. ಈಗ ತವರೇ ಮಗಳಿದ್ದಲ್ಲಿಗೆ ಹೋಗಬೇಕಾದ ಕಾಲ ಬಂದಿದೆ. ಅಂಟಿನ ಉಂಡಿಯ ಡಬ್ಬಿಯೊಂದಿಗೆ ನಮ್ಮ ತಾಯಂದಿರು ವಿಮಾನ ಏರುತ್ತಿದ್ದಾರೆ.

ಗಡಿಯೆಂಬುದು ನಮಗೆ ಹೊಸದಲ್ಲ. 1948ರಲ್ಲಿ ಜತ್ತ ಸಂಸ್ಥಾನವು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಆಯಿತು. 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯ ಉದಯಿಸಿತು. ಇಷ್ಟೆಲ್ಲ ಆದರೂ ನಮ್ಮ ಮನೆಗಳು ಇದ್ದಲ್ಲಿಯೇ ಇದ್ದವು. ಚಡಚಣಕ್ಕೆ, ವಿಜಯಪುರಕ್ಕೆ, ಅಥಣಿಗೆ ಕೊಟ್ಟ ಹೆಣ್ಣುಮಕ್ಕಳು ಪಂಚಮಿಗೆ ಬಂದು ಹೋಗುವುದಕ್ಕೆ ಯಾರ ಅಪ್ಪಣೆಯನ್ನೂ ಕೇಳಬೇಕಾಗಲಿಲ್ಲ. ಇಂತಹ ಗಡಿಗೆ ರೂಢಿಯಾದ ನಮ್ಮ ಜನಕ್ಕೆ, ಒಂದು ದೇಶದೊಳಗೆ ಕಾಲಿಡಲು ಒಂದು ಅಪ್ಪಣೆ, ಅಲ್ಲಿ ಉಳಿಯಲು ಇನ್ನೊಂದು ಅಪ್ಪಣೆ, ಉಳಿದುದನ್ನು ಬೆಳೆಸಲು ಮತ್ತೊಂದು ಅಪ್ಪಣೆ ಬೇಕೆಂಬುದು ಬೇಗನೆ ಮನಸ್ಸಿಗೆ ಹತ್ತುವುದಿಲ್ಲ. ಹತ್ತದೆ ಹೋದರೆ ಆಗುವ ಹಾನಿ ಎಂತಹದೆಂಬುದನ್ನು ನಮ್ಮ ಊರಿನಲ್ಲಿಯೇ ನಡೆದ ಒಂದು ಪ್ರಸಂಗದಿಂದ ತಿಳಿಸುವೆವು.

ನಮ್ಮ ಊರಿನ ಒಬ್ಬ ಒಕ್ಕಲಿಗರ ಮಗಳು ಅಮೇರಿಕೆಯಲ್ಲಿದ್ದಾಳೆ. ಚೊಚ್ಚಲ ಹೆರಿಗೆಗೆಂದು ಆಕೆಯ ತಾಯಿ ಫೆಬ್ರುವರಿ 4ರಂದು ಅಲ್ಲಿಗೆ ಮುಟ್ಟಿದರು. ತಂದೆ ಊರಿನಲ್ಲಿಯೇ ಉಳಿದರು. ಮನೆಯಲ್ಲಿ ದಾಳಿಂಬೆಯ ತೋಟ, ಹೆಸರಾದ ಮಾಡಗ್ಯಾಳ ತಳಿಯ ಇಪ್ಪತ್ತು ಕುರಿ; ಇಬ್ಬರೂ ಬಿಟ್ಟು ಹೋಗುವ ಹಾಗಿರಲಿಲ್ಲ. ಜುಲೈ ತಿಂಗಳ ನಡುವೆ ಒಂದು ಸಂಜೆ ಆ ಯಜಮಾನರು ನಮ್ಮಲ್ಲಿಗೆ ಬಂದರು. ಅಳಿಯ ಕಳಿಸಿದ ಮರುಪ್ರಯಾಣದ ಟಿಕೇಟಿನ ಪ್ರತಿ ಕೈಯಲ್ಲಿತ್ತು. "ಗುರುಗಳ, ನಮ್ಮ ಮನಿಯಾಕಿ ಯಾವತ್ತು ಬರ್ತಾಳ ಸ್ವಲ್ಪ ಓದಿ ಹೇಳ್ರಿ" ಎಂದರು. ಓದಿದೆವು, ಸಪ್ಟೆಂಬರ್ 28 ಎಂದಿತ್ತು. ಬೆರಳು ಮಡಚಿ ಎಣಿಸಿದರೆ ಏಳು ತಿಂಗಳು ಮೀರಿ ಎಂಟಕ್ಕೆ ಹತ್ತಿರವಾಗುತ್ತಿತ್ತು. "ಅಲ್ಲಿ ಇರಲು ಎಂದಿನವರೆಗೆ ಅಪ್ಪಣೆ ಇದೆ?" ಎಂದು ಕೇಳಿದೆವು. "ಹತ್ತು ವರ್ಷದ ವೀಸಾ ಐತ್ರಿ. ಅಳಿಯಂದಿರೂ ಹಂಗ ಅಂದಾರ" ಎಂದು ಅವರು ನಿಶ್ಚಿಂತೆಯಿಂದ ಉತ್ತರಿಸಿದರು.

ತಪ್ಪು ಇದ್ದುದು ಇಲ್ಲಿಯೇ. ಓದಿದ ಅಳಿಯನೂ ಈ ತಪ್ಪಿಗೆ ಒಳಗಾಗಿದ್ದ. ತನ್ನ ಉದ್ಯೋಗದ ವೀಸಾದ ಕಾಗದಗಳಲ್ಲಿ ಮುಳುಗಿದ್ದ ಅವನು ಅತ್ತೆಯ ಕಾಗದವನ್ನು ಬಿಡಿಸಿ ನೋಡಿರಲಿಲ್ಲ. ಭಾರತೀಯರಿಗೆ ಅಮೇರಿಕೆಯವರು ಕೊಡುವ ಬಿ-2 ಎಂಬ ಪ್ರವಾಸಿ ವೀಸಾ ಸಾಮಾನ್ಯವಾಗಿ ಹತ್ತು ವರ್ಷಗಳದು. ಅದರ ಮೇಲೆ 'ಎಮ್' ಎಂಬ ಅಕ್ಷರವಿದ್ದರೆ ಆ ಅವಧಿಯೊಳಗೆ ಅನೇಕ ಸಲ ಹೋಗಿಬರಬಹುದೆಂದು ಅರ್ಥ. ಆದರೆ ಆ ಹತ್ತು ವರ್ಷವೆಂಬುದು ಬಾಗಿಲಿಗೆ ಬಂದು ನಿಲ್ಲುವ ಅಪ್ಪಣೆಯ ಅವಧಿ. ಒಳಗೆ ಎಷ್ಟು ದಿನ ಇರಬೇಕೆಂಬುದನ್ನು ವಿಮಾನ ನಿಲ್ದಾಣದಲ್ಲಿ ಕುಳಿತ ಅಧಿಕಾರಿ ಪ್ರತಿ ಸಲವೂ ಹೊಸದಾಗಿ ನಿರ್ಣಯಿಸುತ್ತಾನೆ. ಪ್ರವಾಸಿಗಳಿಗೆ ಸಾಮಾನ್ಯವಾಗಿ ಸಿಗುವುದು ಆರು ತಿಂಗಳು. ಆ ದಿನಾಂಕವು ಐ-94 ಎಂಬ ನೋಂದಣಿಯಲ್ಲಿ ಇರುತ್ತದೆ. ಹಿಂದೆ ಇದೊಂದು ಸಣ್ಣ ಬಿಳಿ ಚೀಟಿಯಾಗಿದ್ದು ಪಾಸ್‌ಪೋರ್ಟಿಗೆ ಲಗತ್ತಾಗಿರುತ್ತಿತ್ತು, ಕಣ್ಣಿಗೆ ಬೀಳುತ್ತಿತ್ತು. 2013ರಿಂದ ವಿಮಾನದಲ್ಲಿ ಬರುವವರಿಗೆ ಅದು ಗಣಕಯಂತ್ರದ ದಾಖಲೆಯಾಗಿದೆ. ಸರಕಾರದ ಜಾಲತಾಣದಲ್ಲಿ ಪಾಸ್‌ಪೋರ್ಟಿನ ಸಂಖ್ಯೆ ಕೊಟ್ಟು ತಾವೇ ತೆಗೆದು ನೋಡಬೇಕು. ನೋಡದಿದ್ದವರಿಗೆ ಅದು ಇರುವುದೇ ತಿಳಿಯುವುದಿಲ್ಲ.

ಯಜಮಾನರಿಗೆ ಇದನ್ನು ತಿಳಿಸಿ ಹೇಳುವುದು ಹೇಗೆಂದು ಯೋಚಿಸುತ್ತಿರುವಾಗ ಅವರ ಕುರಿಗಳೇ ನಮ್ಮ ನೆರವಿಗೆ ಬಂದವು. ನಮ್ಮ ಸೀಮೆಯಲ್ಲಿ ಸುಗ್ಗಿ ಮುಗಿದ ಮೇಲೆ ಕುರಿಮಂದೆಯನ್ನು ಹೊಲದಲ್ಲಿ ತರುಬುವ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ಕುರುಬನಿಗೆ ಊರಿನ ಪರಿಚಯವಿರುತ್ತದೆ. ವರ್ಷ ವರ್ಷವೂ ಬರಬಹುದು. ಆದರೆ ಈ ಹೊಲದಲ್ಲಿ ಮೂರು ರಾತ್ರಿಯೋ ಐದು ರಾತ್ರಿಯೋ ಎಂಬುದನ್ನು ಹೇಳುವವನು ಹೊಲದ ಒಡೆಯ. ಐದು ರಾತ್ರಿ ಹೇಳಿದಲ್ಲಿ ಆರನೆಯ ರಾತ್ರಿ ನಿಲ್ಲಬೇಕೆಂದರೆ ಐದನೆಯ ಸಂಜೆಯೊಳಗಾಗಿ ಕೇಳಬೇಕು. ಕೇಳದೆ ನಿಂತರೆ ಮರುವರ್ಷ ಆ ಹೊಲದ ಬದುವಿನ ಹತ್ತಿರವೂ ಬಿಡುವುದಿಲ್ಲ. ಇಷ್ಟು ಹೇಳುವುದರೊಳಗೆ ಯಜಮಾನರ ಮುಖ ಬದಲಾಯಿತು. "ಅಂದ್ರ ನಮ್ಮಾಕಿಗೆ ಎಷ್ಟು ರಾತ್ರಿ ಹೇಳ್ಯಾರ್ರೀ?" ಎಂದು ಅವರೇ ಕೇಳಿದರು. ಆ ರಾತ್ರಿಯೇ ಮಗಳಿಗೆ ಫೋನು ಮಾಡಿ ನೋಂದಣಿಯನ್ನು ತೆಗೆಸಿದೆವು. ಆಗಸ್ಟ್ 3 ಎಂದಿತ್ತು. ಉಳಿದಿದ್ದುದು 19 ದಿನ.

ಟಿಕೇಟಿನಂತೆ ನಡೆದಿದ್ದರೆ ಆಕೆ 56 ದಿನ ಅಪ್ಪಣೆಯಿಲ್ಲದೆ ಉಳಿದಂತೆ ಆಗುತ್ತಿತ್ತು. ಇದರ ಪರಿಣಾಮವನ್ನು ವಾಚಕರು ಲಕ್ಷ್ಯವಿಟ್ಟು ಓದಬೇಕು. ಅಮೇರಿಕೆಯಲ್ಲಿ 1996ರಲ್ಲಿ ಆದ ಕಾಯದೆಯ ಪ್ರಕಾರ, ಅವಧಿ ಮೀರಿ ಉಳಿದವರ ವೀಸಾ ರದ್ದಾಗುತ್ತದೆ. ಅದರ ಮೇಲೆ ಹತ್ತು ವರ್ಷವೆಂದು ಬರೆದಿದ್ದರೂ ಅದು ಬರಿಯ ಕಾಗದವಾಗುತ್ತದೆ. ಅಪ್ಪಣೆಯಿಲ್ಲದ ವಾಸವು 180 ದಿನ ಮೀರಿದ ಮೇಲೆ ಹೊರಟು ಬಂದರೆ ಮೂರು ವರ್ಷ ಪುನಃ ಪ್ರವೇಶವಿಲ್ಲ. ಒಂದು ವರ್ಷವೋ ಅದಕ್ಕೂ ಹೆಚ್ಚೋ ಆಗಿದ್ದರೆ ಹತ್ತು ವರ್ಷ ಇಲ್ಲ. ಅರುವತ್ತು ದಾಟಿದ ತಾಯಿಗೆ ಹತ್ತು ವರ್ಷದ ನಿಷೇಧವೆಂದರೆ ಏನೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಪರಿಚಯದ ಒಬ್ಬ ಹಿರಿಯರು 'ಯಾರು ನೋಡುತ್ತಾರೆ' ಎಂದು ಏಳು ತಿಂಗಳು ಹೆಚ್ಚಿಗೆ ಉಳಿದು ಬಂದರು. ಹೊರಟು ಬರುವಾಗ ಯಾರೂ ಅವರನ್ನು ತಡೆಯಲಿಲ್ಲ, ಯಾರೂ ಬೈಯಲಿಲ್ಲ. ಪುನಃ ಹೋಗಲು ಅರ್ಜಿ ಹಾಕಿದಾಗ ಮೂರು ವರ್ಷದ ಬಾಗಿಲು ಮುಚ್ಚಿತ್ತು. ಮೊಮ್ಮಗನ ಜಾವಳವನ್ನು ಅವರು ಫೋನಿನ ಪರದೆಯ ಮೇಲೆ ನೋಡಿದರು.

ಇನ್ನು ಅವಧಿಯನ್ನು ಮುಂದುವರಿಸಿಕೊಳ್ಳುವ ಕ್ರಮ. ಇದಕ್ಕೆ ಐ-539 ಎಂಬ ಅರ್ಜಿಯುಂಟು. ಐ-94ರ ದಿನಾಂಕ ಮುಗಿಯುವುದರೊಳಗೆ ಅದು ವಲಸೆ ಇಲಾಖೆಯನ್ನು ಮುಟ್ಟಬೇಕು. ಕನಿಷ್ಠ 45 ದಿನ ಮೊದಲು ಸಲ್ಲಿಸುವುದು ಲೇಸೆಂದು ಇಲಾಖೆಯೇ ಸೂಚಿಸುತ್ತದೆ. 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ದರದಂತೆ ಕಾಗದದ ಅರ್ಜಿಗೆ 470 ಡಾಲರು, ಜಾಲತಾಣದ ಮೂಲಕವಾದರೆ 420 ಡಾಲರು ಶುಲ್ಕ. ಸಲ್ಲಿಸುವ ದಿನ ದರವನ್ನು ಇನ್ನೊಮ್ಮೆ ನೋಡಿಕೊಳ್ಳತಕ್ಕದ್ದು. ಒಂದು ಸಲಕ್ಕೆ ಆರು ತಿಂಗಳಿಗಿಂತ ಹೆಚ್ಚು ಬೆಳೆಸುವುದಿಲ್ಲ. ಅರ್ಜಿಯ ಸಂಗಡ ಮೂರು ಮಾತುಗಳಿಗೆ ಪುರಾವೆ ಬೇಕು: ಉಳಿಯಬೇಕಾದ ಕಾರಣವೇನು, ಅಷ್ಟು ದಿನದ ಖರ್ಚನ್ನು ಯಾರು ನೋಡುತ್ತಾರೆ, ತಿರುಗಿ ಬರುವುದು ನಿಶ್ಚಯವೇ. ಗಂಡಹೆಂಡತಿ ಇಬ್ಬರೂ ಇದ್ದರೆ ಒಂದೇ ಅರ್ಜಿಯಲ್ಲಿ ಸೇರಿಸಿ ಕೇಳಬಹುದು. ಪಾಸ್‌ಪೋರ್ಟಿನ ಅವಧಿ ಮುಗಿದಿರಬಾರದು. ಕನ್ನಡ, ಮರಾಠಿ ಕಾಗದಗಳಿಗೆ ಇಂಗ್ಲಿಷ್ ಅನುವಾದವೂ, ಅನುವಾದ ಸರಿಯಾಗಿದೆಯೆಂಬ ಅನುವಾದಕನ ಒಪ್ಪಿಗೆಯ ಸಹಿಯೂ ಬೇಕು.

ಸಮಯದೊಳಗೆ ಅರ್ಜಿ ಹೋಗಿದ್ದರೆ, ನಿರ್ಣಯ ಬರುವವರೆಗಿನ ದಿನಗಳನ್ನು ಅಪ್ಪಣೆಯಿಲ್ಲದ ವಾಸವೆಂದು ಲೆಕ್ಕ ಹಿಡಿಯುವುದಿಲ್ಲ. ಆದರೆ ತಿರಸ್ಕಾರ ಬಂದರೆ ತಡಮಾಡದೆ ಹೊರಡಬೇಕು. ನಿರ್ಣಯಕ್ಕೆ ಎಷ್ಟೋ ಸಲ ತಿಂಗಳುಗಟ್ಟಲೆ ಹಿಡಿಯುವುದರಿಂದ ಅನೇಕರು ಉತ್ತರ ಬರುವುದರೊಳಗಾಗಿಯೇ ಮರಳಿ ಬಂದಿರುತ್ತಾರೆ. ಅಂಥವರು ಅರ್ಜಿ ಸ್ವೀಕರಿಸಿದ ರಸೀದಿ, ಹೊರಟು ಬಂದ ದಿನದ ವಿಮಾನದ ಚೀಟಿ ಇವೆರಡನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕು; ಮುಂದಿನ ಸಲ ಕೇಳಿದರೆ ತೋರಿಸಲು ಬರುತ್ತದೆ. ಇನ್ನೊಂದು ಮಾತು. ಪಕ್ಕದ ಕೆನಡಾಕ್ಕೆ ನಾಲ್ಕು ದಿನ ಹೋಗಿ ಬಂದರೆ ಹೊಸದಾಗಿ ಆರು ತಿಂಗಳು ಸಿಗುತ್ತದೆಂದು ಹೇಳುವವರಿದ್ದಾರೆ. ಇದನ್ನು ನಂಬಿ ಯೋಜನೆ ಹಾಕತಕ್ಕದ್ದಲ್ಲ. ಹಾಗೆ ಬಂದವರಿಗೆ ಮೊದಲಿನ ಅವಧಿಯಲ್ಲಿ ಉಳಿದ ದಿನಗಳನ್ನಷ್ಟೇ ಕೊಡಲು ಅಧಿಕಾರಿಗೆ ಬರುತ್ತದೆ.

ನಮ್ಮ ಊರಿನ ತಾಯಿಯ ಮುಂದೆ ಈಗ ಎರಡು ದಾರಿಗಳಿದ್ದವು. 19 ದಿನದೊಳಗೆ ಅರ್ಜಿ ಹಾಕುವುದು, ಇಲ್ಲವೆ ಟಿಕೇಟು ಬದಲಿಸಿ ಆಗಸ್ಟ್ 3ರೊಳಗೆ ಹೊರಡುವುದು. ಮಗಳು ಅತ್ತಳು. ಕೂಸಿಗೆ ನಾಲ್ಕು ತಿಂಗಳಾಗಿತ್ತು. ಆಕೆಯ ರಜೆ ಮುಗಿಯುತ್ತ ಬಂದಿತ್ತು. ಇತ್ತ ಯಜಮಾನರು ತಮ್ಮ ಕಣ್ಣಿನ ಪೊರೆಯ ಶಸ್ತ್ರಕ್ರಿಯೆಯನ್ನು ಹೆಂಡತಿ ಬಂದ ಮೇಲೆಂದು ಮುಂದೂಡುತ್ತ ಬಂದಿದ್ದರು; ಅದನ್ನು ಅವರು ಅಲ್ಲಿಗೆ ತಿಳಿಸಿರಲಿಲ್ಲ. "ಹೇಳಬ್ಯಾಡ್ರಿ, ಆಕಿ ಮನಸ್ಸು ಕೆಡ್ತೈತಿ" ಎಂದು ನಮಗೂ ಕೈ ಮುಗಿದರು. ನಾವು ಒಪ್ಪಲಿಲ್ಲ. ನಿರ್ಣಯ ಮಾಡುವವರಿಗೆ ಎರಡೂ ಕಡೆಯ ಸಂಗತಿ ತಿಳಿದಿರಬೇಕೆಂದು ಹೇಳಿ, ಮರುದಿನ ಅವರಿಂದಲೇ ಹೇಳಿಸಿದೆವು.

ಆ ತಾಯಿ ಬಹಳ ಹೊತ್ತು ಮಾತಾಡಲಿಲ್ಲ. ಬಳಿಕ ಹೇಳಿದ ಮಾತು ಇಷ್ಟು: "ಅವರು ಹೇಳಿದ ದಿನಕ್ಕ ಎದ್ದು ಬರ್ತೀನ್ರಿ ಗುರುಗಳ. ಈ ಕೂಸಿಗೆ ತಮ್ಮನೋ ತಂಗಿನೋ ಆಗ್ತೈತಿ. ಆವಾಗ ಮತ್ತ ಬರಬೇಕಲ್ಲ." ಆಗಸ್ಟ್ 1ರಂದು ಆಕೆ ಅಲ್ಲಿಂದ ಹೊರಟರು. ಟಿಕೇಟು ಬದಲಿಸಿದ ಹಣ ಹೋಯಿತು. ಮಗಳು ಎರಡು ತಿಂಗಳು ಕಷ್ಟಪಟ್ಟಳು. ಯಜಮಾನರ ಕಣ್ಣಿನ ಶಸ್ತ್ರಕ್ರಿಯೆ ಮಹಾನವಮಿಗೆ ಮೊದಲೇ ಆಯಿತು. ಎರಡು ವರ್ಷದ ಮೇಲೆ ಎರಡನೆಯ ಬಾಣಂತನಕ್ಕೆ ಅದೇ ವೀಸಾದ ಮೇಲೆ ಆಕೆ ಪುನಃ ಹೋದರು. ಈ ಸಲ ಹೋದ ದಿನವೇ ಐ-94ರ ದಿನಾಂಕವನ್ನು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಕೆಂಪು ಗೆರೆಯಿಂದ ಗುರುತಿಸಿಸಿದರೆಂದು ಮಗಳು ನಮಗೆ ತಿಳಿಸಿದಳು.

ಹೀಗೆಂದ ಮಾತ್ರಕ್ಕೆ ಅವಧಿ ಮುಂದುವರಿಸಿಕೊಳ್ಳುವುದೇ ತಪ್ಪೆಂದು ಯಾರೂ ತಿಳಿಯಬಾರದು. ಗಡಿಯಾಚೆಯ ನಮ್ಮ ಬೀಗರ ಮನೆಯಲ್ಲಿ, ಹೆರಿಗೆಯ ಬಳಿಕ ಮಗಳಿಗೆ ಪ್ರಕೃತಿ ನೆಟ್ಟಗಾಗದೆ ಎರಡನೆಯ ಸಲ ಆಸ್ಪತ್ರೆ ಸೇರಬೇಕಾಯಿತು. ಅಂಥ ಹೊತ್ತಿನಲ್ಲಿ ತಾಯಿ ಬಿಟ್ಟು ಬರುವುದೆಂತು? ಅವರು ಎರಡು ತಿಂಗಳು ಮೊದಲೇ ವೈದ್ಯರ ಪತ್ರ, ಅಳಿಯನ ಸಂಬಳದ ಚೀಟಿ, ಊರಿನ ಹೊಲಮನೆಯ ದಾಖಲೆ, ಮೂರು ತಿಂಗಳ ಮುಂದಿನ ಟಿಕೇಟು ಎಲ್ಲವನ್ನೂ ಜೋಡಿಸಿ ಅರ್ಜಿ ಹಾಕಿದರು. ನಿರ್ಣಯ ಬರುವ ಮೊದಲೇ ಮಗಳು ಗುಣವಾಗಿ ತಾಯಿ ಮರಳಿದರು. ಕಾರಣ ನಿಜವಿದ್ದು, ವೇಳೆಗೆ ಸರಿಯಾಗಿ ಕೇಳಿದಲ್ಲಿ ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ. ಅವಧಿ ಮುಗಿದ ಮೇಲೆ ನೆನಪಾದರೆ ಮಾತ್ರ ಯಾರೂ ಏನೂ ಮಾಡಲಾರರು.

ಬೇರೆ ದೇಶಗಳ ನಿಯಮ ಬೇರೆ. ಒಂದು ದೇಶದ ರೂಢಿಯನ್ನು ಇನ್ನೊಂದಕ್ಕೆ ಹಚ್ಚಬಾರದು.

ಇಂಗ್ಲಂಡಿನ ಸಂದರ್ಶಕ ವೀಸಾ ಆರು ತಿಂಗಳದು. ಎರಡು, ಐದು, ಹತ್ತು ವರ್ಷಗಳದೂ ದೊರೆಯುತ್ತದೆ. ಆದರೆ ಯಾವುದೇ ಇರಲಿ, ಒಂದು ಸಲಕ್ಕೆ ಆರು ತಿಂಗಳೇ ಮಿತಿ. ವೈದ್ಯಕೀಯ ಉಪಚಾರದಂತಹ ಕೆಲವು ಪ್ರಸಂಗಗಳನ್ನು ಬಿಟ್ಟರೆ ಆರು ತಿಂಗಳ ಮೇಲೆ ಬೆಳೆಸುವುದಿಲ್ಲ. ಪದೇ ಪದೇ ಬಂದು ಅಲ್ಲಿಯೇ ಮನೆ ಮಾಡಿದಂತೆ ಇರುವುದನ್ನೂ ಅಲ್ಲಿಯ ನಿಯಮ ಒಪ್ಪುವುದಿಲ್ಲ.

ಜರ್ಮನಿ, ಫ್ರಾನ್ಸ, ನೆದರ್ಲಂಡ ಮೊದಲಾದ ಷೆಂಗೆನ್ ಒಪ್ಪಂದದ ದೇಶಗಳಲ್ಲಿ ಲೆಕ್ಕ ಇನ್ನೂ ಬಿಗಿ. ಯಾವುದೇ 180 ದಿನಗಳ ಒಳಗೆ 90 ದಿನ ಮಾತ್ರ. ಮುಟ್ಟಿದ ದಿನ, ಬಿಟ್ಟ ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ. ಒಂದು ಉದಾಹರಣೆಯನ್ನು ನೋಡುವಾ. ಜನವರಿ 1ಕ್ಕೆ ಹೋಗಿ ಮಾರ್ಚ್ 1ಕ್ಕೆ ಹೊರಬಂದರೆ 31, 28, 1 ಕೂಡಿ 60 ದಿನ ತೀರಿದಂತೆ. ಏಪ್ರಿಲ್ 1ಕ್ಕೆ ಪುನಃ ಹೋದರೆ ಉಳಿದಿರುವುದು 30 ದಿನ; ಏಪ್ರಿಲ್ 30ಕ್ಕೆ ಹೊರಡಲೇಬೇಕು. ನಡುವೆ ಊರಿಗೆ ಬಂದು ಹೋದುದರಿಂದ ಲೆಕ್ಕ ಹೊಸದಾಗಿ ಆರಂಭವಾಗುವುದಿಲ್ಲ. ಜರ್ಮನಿಯಿಂದ ಫ್ರಾನ್ಸಕ್ಕೆ ಹೋದರೂ ಅದೇ ಲೆಕ್ಕ ಮುಂದುವರಿಯುತ್ತದೆ. ತಪ್ಪಿಸಲಾಗದ ಆಪತ್ತಿನ ಹೊರತು ಅವಧಿ ಬೆಳೆಸುವುದಿಲ್ಲ. 2025ರ ಅಕ್ಟೋಬರ್ 12ರಿಂದ ಅಲ್ಲಿ ಒಳಹೊರಗಿನ ದಿನಗಳನ್ನು ಬೆರಳಚ್ಚಿನೊಂದಿಗೆ ಯಂತ್ರವೇ ದಾಖಲಿಸುವ ವ್ಯವಸ್ಥೆ ಆರಂಭವಾಗಿದೆ. ಆದುದರಿಂದ ಮುದ್ರೆ ಮಸುಕಾಗಿತ್ತೆಂಬ ಸಬೂಬಿಗೆ ಎಡೆಯಿಲ್ಲ. ಅಲ್ಲಿಗೆ ಬಾಣಂತನಕ್ಕೆ ಹೋಗುವವರು ಹೆರಿಗೆಗೆ ಒಂದು ತಿಂಗಳು ಮೊದಲೇ ಹೋಗಿ ಕುಳಿತರೆ ಕೂಸು ಬಂದ ಮೇಲೆ ಉಳಿಯುವುದು ಎರಡೇ ತಿಂಗಳು ಎಂಬುದನ್ನು ಲಕ್ಷ್ಯದಲ್ಲಿಡಬೇಕು. ಬೀಗರೂ ಬರುವವರಿದ್ದರೆ ಮೂರು ತಿಂಗಳು ಇವರು, ಆ ಬಳಿಕ ಮೂರು ತಿಂಗಳು ಅವರು ಎಂದು ಹಂಚಿಕೊಳ್ಳುವುದು ಉತ್ತಮ.

ಕೆನಡಾದ ರೀತಿ ತಾಯಿತಂದೆಗಳಿಗೆ ಹೆಚ್ಚು ಅನುಕೂಲದ್ದು. ಸಾಮಾನ್ಯ ಪ್ರವಾಸಿಗೆ ಅಲ್ಲಿಯೂ ಆರು ತಿಂಗಳೇ. ಅವಧಿ ಮುಗಿಯಲು 30 ದಿನ ಇರುವಾಗಲೇ ಮುಂದುವರಿಸಲು ಕೇಳಬೇಕು. ಆದರೆ ಮಗನೋ ಮಗಳೋ ಅಲ್ಲಿಯ ಪ್ರಜೆಯಾಗಿದ್ದರೆ, ಇಲ್ಲವೆ ಶಾಶ್ವತ ನಿವಾಸಿಯಾಗಿದ್ದರೆ, 2011ರಿಂದ 'ಸೂಪರ್ ವೀಸಾ' ಎಂಬುದು ಸಿಗುತ್ತದೆ. 2022ರ ಜುಲೈ 4ರಿಂದ ಇದರ ಮೇಲೆ ಒಂದು ಸಲಕ್ಕೆ ಐದು ವರ್ಷದವರೆಗೂ ಇರಬಹುದು. ಒಂದು ಲಕ್ಷ ಕೆನಡಾ ಡಾಲರಿಗೆ ಕಡಿಮೆಯಿಲ್ಲದ ವೈದ್ಯಕೀಯ ವಿಮೆ, ಮಕ್ಕಳ ಆದಾಯದ ಪುರಾವೆ, ಅವರ ಆಮಂತ್ರಣಪತ್ರ ಬೇಕು. ಬರಿಯ ಉದ್ಯೋಗದ ಪರವಾನಗಿಯ ಮೇಲೆ ಇರುವ ಮಕ್ಕಳು ಇದಕ್ಕೆ ಕರೆಯಲಾರರು.

ಆಸ್ಟ್ರೇಲಿಯದ ಸಂದರ್ಶಕ ವೀಸಾ ಮೂರು, ಆರು ಇಲ್ಲವೆ ಹನ್ನೆರಡು ತಿಂಗಳದು. ವೀಸಾಪತ್ರದಲ್ಲಿ 8503 ಎಂಬ ಸಂಖ್ಯೆ ಇದೆಯೋ ಎಂದು ಮೊದಲು ನೋಡಬೇಕು. ಇದ್ದರೆ, ಅಲ್ಲಿದ್ದುಕೊಂಡು ಮತ್ತಷ್ಟು ವಾಸಕ್ಕೆ ಅರ್ಜಿ ಹಾಕಲು ಬರುವುದಿಲ್ಲವೆಂದು ಅರ್ಥ.

ಊರು ಬಿಡುವ ಮೊದಲು ಮಾಡಿಕೊಳ್ಳಬೇಕಾದ ಸಿದ್ಧತೆಯ ಬಗ್ಗೆ ನಾಲ್ಕು ಮಾತು. ಇದರಲ್ಲಿ ಗಡಿಭಾಗದ ನಮಗೆ ವಿಶೇಷವಾದ ತೊಡಕುಗಳಿವೆ.

ಮೊದಲನೆಯದು ಹೆಸರು. ಕನ್ನಡ ಶಾಲೆಯ ದಾಖಲೆಯಲ್ಲಿ 'ಅವ್ವ' ಎಂದು ಕೊನೆಗೊಳ್ಳುವ ಹೆಸರು ಮರಾಠಿ ಕಾಗದದಲ್ಲಿ 'ಬಾಯಿ' ಆಗಿರುತ್ತದೆ. ಲಗ್ನವಾದ ಮೇಲೆ ನಡುವಿನ ತಂದೆಯ ಹೆಸರು ಹೋಗಿ ಗಂಡನ ಹೆಸರು ಬಂದಿರುತ್ತದೆ. ಅಡ್ಡಹೆಸರು ಒಂದೆಡೆ ಇದ್ದು ಇನ್ನೊಂದೆಡೆ ಇರುವುದಿಲ್ಲ. ತಾಯಿಯ ಪಾಸ್‌ಪೋರ್ಟಿನಲ್ಲಿರುವ ಹೆಸರು ಮಗಳ ಪಾಸ್‌ಪೋರ್ಟಿನಲ್ಲಿ ತಾಯಿಯ ಹೆಸರೆಂದು ಬರೆದುದಕ್ಕೆ ತಾಳೆಯಾಗದೆ ಹೋದರೆ ಪ್ರಶ್ನೆಗಳು ಏಳುತ್ತವೆ. ಎಲ್ಲ ಕಾಗದಗಳನ್ನೂ ಒಂದೆಡೆ ಹರಡಿಕೊಂಡು ಮೊದಲೇ ನೋಡಿ ತಿದ್ದಿಸಿಕೊಳ್ಳಬೇಕು.

ಎರಡನೆಯದು ಜನ್ಮದಿನಾಂಕ. ನಮ್ಮ ಶಾಲೆಯ ಹಳೆಯ ರಜಿಸ್ಟರನ್ನು ತೆರೆದರೆ ಅರ್ಧ ಊರು ಜೂನ್ 1ರಂದೇ ಹುಟ್ಟಿದೆ. ಶಾಲೆಗೆ ಸೇರಿಸಲು ಬಂದ ತಂದೆಗೆ ತಾರೀಖು ನೆನಪಿಲ್ಲದಾಗ ಅಂದಿನ ಗುರುಗಳು ಆ ದಿನವನ್ನೇ ಬರೆದುಬಿಡುತ್ತಿದ್ದರು. ಅದರಿಂದ ಬಾಧೆಯಿಲ್ಲ, ಆದರೆ ಎಲ್ಲೆಡೆಯೂ ಅದೇ ಇರಬೇಕು. ಜನ್ಮದ ದಾಖಲೆಯೇ ಬೇಕೆಂಬ ಕಡ್ಡಾಯವು 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಮಾತ್ರ. ಹಿರಿಯರ ಪಾಸ್‌ಪೋರ್ಟಿಗೆ ಶಾಲೆ ಬಿಟ್ಟ ದಾಖಲೆ ಇಂದಿಗೂ ನಡೆಯುತ್ತದೆ. 2017ರಲ್ಲಿ ಮೈಸೂರಿನಲ್ಲಿಯೂ ಗುಜರಾತಿನ ದಾಹೋದದಲ್ಲಿಯೂ ಆರಂಭವಾದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಗಳು ಈಗ ಅನೇಕ ಊರುಗಳಲ್ಲಿರುವುದರಿಂದ ದೂರದ ಓಡಾಟ ಎಷ್ಟೋ ಕಡಿಮೆಯಾಗಿದೆ.

ಮೂರನೆಯದು ಸಂದರ್ಶನ. ಅಮೇರಿಕೆಯ ವೀಸಾಕ್ಕೆ ನಮ್ಮವರು ಮುಂಬಯಿಗೆ ಹೋಗುವುದು ರೂಢಿ. ಬೆರಳಚ್ಚು ಕೊಡುವುದು ಒಂದು ಕಡೆ, ಸಂದರ್ಶನ ಬಾಂದ್ರಾ-ಕುರ್ಲಾ ಸಂಕುಲದಲ್ಲಿರುವ ದೂತಾವಾಸದಲ್ಲಿ. ಇಂಗ್ಲಿಷ್ ಬಾರದೆಂದು ಅಳುಕಬೇಕಾಗಿಲ್ಲ. ಮರಾಠಿಯಲ್ಲಿ, ಹಿಂದಿಯಲ್ಲಿ ಉತ್ತರಿಸಬಹುದು. ಇದ್ದ ಮಾತನ್ನು ಇದ್ದಂತೆ ಹೇಳಬೇಕು. ಮಗಳ ಹೆರಿಗೆ ಇದೆ, ಮೊಮ್ಮಗುವನ್ನು ನೋಡಿ ಮಗಳ ಜೊತೆ ನಾಲ್ಕು ದಿನ ಇದ್ದು ಬರುತ್ತೇನೆ ಎಂಬುದರಲ್ಲಿ ಅಡಗಿಸುವಂಥದೇನಿದೆ? ಬಾಯಿಪಾಠ ಮಾಡಿಸಿ ಕಳಿಸಿದ ಸುಳ್ಳು ಎರಡನೆಯ ಪ್ರಶ್ನೆಗೇ ಮುಗ್ಗರಿಸುತ್ತದೆ. ಪ್ರವಾಸಿ ವೀಸಾದ ಮೇಲೆ ಸಂಬಳದ ಕೆಲಸ ಮಾತ್ರ ಯಾವ ರೂಪದಲ್ಲಿಯೂ ಸಲ್ಲದು.

ನಾಲ್ಕನೆಯದು ಹಿಂದೆ ಬಿಟ್ಟು ಹೋಗುವ ಕೆಲಸಗಳು. ನಿವೃತ್ತಿವೇತನ ಪಡೆಯುವವರು ನವೆಂಬರ್ ತಿಂಗಳಲ್ಲಿ ಜೀವನ ಪ್ರಮಾಣಪತ್ರ ಕೊಡಬೇಕಾಗುತ್ತದೆ. ಆ ತಿಂಗಳು ಪರದೇಶದಲ್ಲಿ ಇರುವವರಿದ್ದರೆ, 2014ರಿಂದ ನಡೆಯುತ್ತಿರುವ ಡಿಜಿಟಲ್ ವ್ಯವಸ್ಥೆಯಿಂದಲೋ ಅಲ್ಲಿಯ ಭಾರತೀಯ ದೂತಾವಾಸದ ಮೂಲಕವೋ ಸಲ್ಲಿಸುವುದು ಹೇಗೆಂದು ತಮ್ಮ ಬ್ಯಾಂಕಿನಲ್ಲಿ ಮೊದಲೇ ಕೇಳಿಕೊಳ್ಳಲಿ. ಮಹಾರಾಷ್ಟ್ರದಲ್ಲಿ 2021ರಿಂದ ರೈತನೇ ಮೊಬೈಲಿನಲ್ಲಿ ಬೆಳೆಯನ್ನು ದಾಖಲಿಸುವ 'ಈ-ಪೀಕ ಪಾಹಣಿ' ಬಂದಿದೆ. ಗಂಡಹೆಂಡತಿ ಇಬ್ಬರೂ ಹೋಗುವುದಾದರೆ ಅದನ್ನು ಯಾರು ಮಾಡಬೇಕೆಂದು ಗೊತ್ತುಮಾಡಿ ಹೋಗಬೇಕು. ಇಲ್ಲವಾದರೆ ಸಾತಬಾರಾದಲ್ಲಿ ಬೆಳೆಯ ಕಾಲಮು ಖಾಲಿ ಉಳಿಯುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ವೈದ್ಯರ ಚೀಟಿಯ ಸಹಿತ ಸಾಲುವಷ್ಟು ಒಯ್ಯಬೇಕು. ಪ್ರವಾಸಿ ವಿಮೆಯನ್ನು ತಪ್ಪದೆ ಮಾಡಿಸಬೇಕು. ಆದರೆ ಮೊದಲೇ ಇದ್ದ ಕಾಯಿಲೆಗೆ ಅನೇಕ ವಿಮೆಗಳು ಹಣ ಕೊಡುವುದಿಲ್ಲವೆಂಬುದನ್ನು ಓದಿ ತಿಳಿದೇ ಕೊಳ್ಳಬೇಕು.

ಕೊನೆಯದಾಗಿ ಮಕ್ಕಳಿಗೆ ಒಂದು ಮಾತು ಹೇಳದೆ ಲೇಖನಿ ಇಡಲು ಮನಸ್ಸಾಗದು. ಕಾನೂನು ಆರು ತಿಂಗಳು ಕೊಟ್ಟಿದೆಯೆಂದು ಆರು ತಿಂಗಳೂ ತಾಯಿಯನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ. ಜೋಳದ ರೊಟ್ಟಿಯ ಸಪ್ಪಳವಿಲ್ಲದ ಮನೆಯಲ್ಲಿ, ಮಾತಾಡಲು ನೆರೆಯವರಿಲ್ಲದ ಬೀದಿಯಲ್ಲಿ, ಬಾಗಿಲು ಹಾಕಿದ ಚಳಿಗಾಲದಲ್ಲಿ ಆಕೆಗೆ ದಿನ ಹೋಗುವುದು ಕಠಿಣ. ಕೂಸಿನ ಮೇಲಿನ ಮಮತೆಯಿಂದ ಆಕೆ ಬಾಯಿ ಬಿಡುವುದಿಲ್ಲ. ಬಾಣಂತನಕ್ಕೆ ಕರೆಸಿ, ಬಳಿಕ ಕೂಸಿನ ಆಳಿನಂತೆ ವರ್ಷ ವರ್ಷ ಹಿಡಿದಿಡುವುದು ನ್ಯಾಯವಲ್ಲ. ಅವಧಿ ಬೆಳೆಸುವ ಅರ್ಜಿಯ ಮೇಲೆ ಸಹಿ ತಾಯಿಯದೇ ಆಗಿರುತ್ತದೆ. ಅದರಲ್ಲಿ ಏನು ಬರೆದಿದೆಯೆಂದು ಕನ್ನಡದಲ್ಲಿ ಓದಿ ಹೇಳಿ, 'ಇನ್ನಷ್ಟು ದಿನ ಇರುವೆಯಾ ಅವ್ವಾ' ಎಂದು ಕೇಳಿ, ಆಮೇಲೆ ಸಹಿ ಪಡೆಯಬೇಕು. ತಂದೆ ಊರಿನಲ್ಲಿ ಒಬ್ಬರೇ ಇದ್ದರೆ ಅವರನ್ನೂ ಕೇಳಬೇಕು. ಅವರು 'ನನಗೇನೂ ತೊಂದರೆ ಇಲ್ಲ' ಎಂದರೆ ಇನ್ನೊಮ್ಮೆ ಕೇಳಬೇಕು.

ಮೇಲೆ ಹೇಳಿದ ಆ ಮನೆಯ ಚೊಚ್ಚಲ ಮೊಮ್ಮಗ ಈ ವರ್ಷ ಮೊದಲ ಬಾರಿಗೆ ಮಾಡಗ್ಯಾಳಕ್ಕೆ ಬಂದಿದ್ದಾನೆ. ಅಮೇರಿಕೆಯಲ್ಲಿ ಹುಟ್ಟಿದುದರಿಂದ ಅವನು ಅಲ್ಲಿಯ ಪ್ರಜೆ. ಅಜ್ಜನ ಊರಿಗೆ ಬರಲು ಅವನಿಗೂ ವೀಸಾ ಬೇಕಾಯಿತು. ಭಾರತದ ಇ-ಪ್ರವಾಸಿ ವೀಸಾದ ಮೇಲೆ ಅಮೇರಿಕೆಯ ಪ್ರಜೆಗಳು ಒಂದು ಸಲಕ್ಕೆ 180 ದಿನಗಳವರೆಗೆ ಇರಬಹುದು. ಸಾಗರೋತ್ತರ ಭಾರತೀಯ ನಾಗರಿಕತ್ವದ ಕಾರ್ಡು, ಅಂದರೆ ಓಸಿಐ, ಮಾಡಿಸಿದರೆ ಈ ಮಿತಿಯೂ ಇಲ್ಲ, ಪೊಲೀಸ್ ಕಚೇರಿಯ ನೋಂದಣಿಯೂ ಇಲ್ಲ. ಮಕ್ಕಳು ಪದೇ ಪದೇ ಬರಬೇಕೆಂದಿದ್ದರೆ ಅದನ್ನೇ ಮಾಡಿಸುವುದು ಒಳ್ಳೆಯದು. ಹುಡುಗನನ್ನು ಕರೆದುಕೊಂಡು ಅಜ್ಜಿ ನಮ್ಮ ಶಾಲೆಗೆ ಬಂದಿದ್ದರು. ಅವನು ಕುರಿಮರಿಗಳ ಬಗ್ಗೆ ಹೇಳುತ್ತಿದ್ದ; ಅರ್ಧ ಕನ್ನಡ, ಅರ್ಧ ಇಂಗ್ಲಿಷ್. ಎಷ್ಟು ದಿನ ಇರುತ್ತಾನೆಂದು ನಾವು ಕೇಳಿದೆವು. ಅಜ್ಜಿ ತಡವರಿಸದೆ ಹೇಳಿದರು: "ಸರಕಾರ ನೂರಾ ಎಂಬತ್ತು ದಿನ ಕೊಟ್ಟೈತ್ರಿ. ಇವರಪ್ಪ ಇಪ್ಪತ್ತೆರಡ ದಿನ ಕೊಟ್ಟಾನ. ಇನ್ನ ಒಂಬತ್ತ ಉಳದಾವು."

ವಾಚಕರು ಪತ್ರ ಬರೆಯುವಾಗ ಯಾವ ದೇಶ, ವೀಸಾದ ಮೇಲೆ ಏನು ಬರೆದಿದೆ, ಮುಟ್ಟಿದ ದಿನವಾವುದು ಎಂಬ ಮೂರನ್ನು ತಪ್ಪದೆ ತಿಳಿಸಿರಿ. ಆದರೆ ನಮ್ಮ ಉತ್ತರಕ್ಕಾಗಿ ಕಾದು ದಿನ ಕಳೆಯಬೇಡಿರಿ. ಮಾಸಪತ್ರಿಕೆಯ ಉತ್ತರ ಬರಲು ಒಂದು ತಿಂಗಳು ಹಿಡಿಯುತ್ತದೆ. ಇಂದೇ ಮಗಳಿಗೆ ಫೋನು ಮಾಡಿ, ತಾಯಿಯ ಅಪ್ಪಣೆಯ ಕೊನೆಯ ದಿನವನ್ನು ತೆಗೆಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ.